‘ಇಲ್ಲಿ’ ಅಂದರೆ ಎಲ್ಲಿ ಸ್ವಾಮಿ?

ಅರ್ಜಿ ಸಲ್ಲಿಸಲು ಇಲ್ಲಿ ಕ್ಲಿಕ್ ಮಾಡಿ. ಅರ್ಹತೆ ತಿಳಿಯಲು ಇಲ್ಲಿ ಕ್ಲಿಕ್ ಮಾಡಿ. ಬೇಕಾದ ದಾಖಲೆಗಳ ಪಟ್ಟಿಗೆ ಇಲ್ಲಿ ಕ್ಲಿಕ್ ಮಾಡಿ. ತಿದ್ದುಪಡಿ ಆದೇಶಕ್ಕೆ ಇಲ್ಲಿ ಕ್ಲಿಕ್ ಮಾಡಿ.

ಸರ್ಕಾರಿ ಜಾಲತಾಣ ತೆರೆದ ಯಾರಿಗಾದರೂ ಈ ಮಂತ್ರ ಬಾಯಿಪಾಠವಾಗಿರುತ್ತದೆ. ನಾಲ್ಕು ಸಾಲು, ನಾಲ್ಕು ‘ಇಲ್ಲಿ’. ಒತ್ತಿ ನೋಡಿ. ಮೊದಲನೆಯದು ಗಿರಗಿರನೆ ಸುತ್ತಿ ‘404, ಪುಟ ಸಿಗಲಿಲ್ಲ’ ಅನ್ನುತ್ತದೆ. ಎರಡನೆಯದು ನಿಮ್ಮನ್ನು ಇಲಾಖೆಯ ಮುಖಪುಟಕ್ಕೆ ತಂದು ಬಿಸಾಕುತ್ತದೆ. ಅಲ್ಲಿ ಗಣ್ಯರ ನಗುಮುಖಗಳು ಸಾಲಾಗಿ ಸರಿಯುತ್ತಿರುತ್ತವೆ, ನೀವು ಕೇಳಿದ ಅರ್ಹತೆಯ ಸುಳಿವೇ ಇಲ್ಲ. ಮೂರನೆಯದು ಒಂದು ಪಿಡಿಎಫ್ ಇಳಿಸುತ್ತದೆ. ಅದರ ಹೆಸರು ‘ಸ್ಕ್ಯಾನ್0047’. ತೆರೆದರೆ ಓರೆಯಾಗಿ ಸ್ಕ್ಯಾನ್ ಮಾಡಿದ ಕಾಗದ, ಅರ್ಧ ಅಕ್ಷರ ರಬ್ಬರ್ ಸ್ಟ್ಯಾಂಪಿನ ಅಡಿಗೆ ಸಿಕ್ಕಿಕೊಂಡಿದೆ. ನಾಲ್ಕನೆಯದನ್ನು ಒತ್ತುವ ತಾಳ್ಮೆ ಉಳಿದವರು ಪುಣ್ಯವಂತರು.

ಕೇಳಿದರೆ ‘ತಾಂತ್ರಿಕ ದೋಷ’ ಎಂಬ ಸಿದ್ಧ ಉತ್ತರ ಬರುತ್ತದೆ. ತಂತ್ರಜ್ಞಾನದ ತಲೆಗೆ ಇದನ್ನು ಕಟ್ಟಬೇಡಿ. ಲಿಂಕಿನ ಮೇಲೆ ಯಾವ ಮಾತು ಬರೆಯಬೇಕೆಂದು ತೀರ್ಮಾನಿಸಿದ್ದು ಯಂತ್ರವಲ್ಲ, ಸಂಬಳ ಪಡೆಯುವ ಮನುಷ್ಯ. ಹಳೆಯ ವಿಳಾಸಗಳನ್ನು ಒಂದೇ ರಾತ್ರಿಯಲ್ಲಿ ಗುಡಿಸಿ ಎಸೆದದ್ದೂ ಮನುಷ್ಯನೇ, ಅದೂ ಟೆಂಡರ್ ಕರೆದು, ಹಣ ಕೊಟ್ಟು. ಇದು ಸಾರ್ವಜನಿಕ ಸ್ವತ್ತಿನ ಧ್ವಂಸ. ಗಾಜು ಒಡೆದ ಸದ್ದು ಕೇಳಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ಇದಕ್ಕೆ ಕೇಸು ಹಾಕುತ್ತಿಲ್ಲ.

ಲಿಂಕಿಗೆ ಎರಡು ಭಾಗಗಳಿವೆ. ಒಂದು, ಒಳಗೆ ಅಡಗಿರುವ ವಿಳಾಸ. ಇನ್ನೊಂದು, ಮೇಲೆ ಕಾಣುವ ಮಾತು. ವಿಳಾಸ ಯಂತ್ರಕ್ಕೆ, ಮಾತು ಮನುಷ್ಯರಿಗೆ. ವಿಳಾಸ ಇಂದಲ್ಲ ನಾಳೆ ಸಾಯಬಹುದು. ಆಗ ಮಾತಾದರೂ ಬದುಕಿದ್ದರೆ ದಾರಿ ಉಳಿಯುತ್ತದೆ. ಒಂದು ಉದಾಹರಣೆ ನೋಡಿ. ಮನೆಯಲ್ಲಿ ಸಾವಾದರೆ 21 ದಿನದೊಳಗೆ ನೋಂದಣಿಗೆ ತಿಳಿಸಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯ ಲೆಕ್ಕ ಅದು. ತಡವಾದರೆ ಶುಲ್ಕ, ಇನ್ನೂ ತಡವಾದರೆ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಈ ಸೂಚನೆಗಳಿರುವ ಲಿಂಕಿನ ಮೇಲೆ ‘ಸಾವಿನ ನೋಂದಣಿ 21 ದಿನ ಮೀರಿದ್ದರೆ ಏನು ಮಾಡಬೇಕು: ಸೂಚನೆ, ಕನ್ನಡ, ಪಿಡಿಎಫ್, 2 ಪುಟ’ ಎಂದು ಬರೆದಿದ್ದರೆ, ನಾಳೆ ವಿಳಾಸ ಕೆಟ್ಟರೂ ಓದಿದವರ ಕೈಯಲ್ಲಿ ಒಂದು ಹೆಸರಿರುತ್ತದೆ. ಆ ಹೆಸರು ಹಿಡಿದು ಗೂಗಲ್‌ನಲ್ಲಿ ಹುಡುಕಬಹುದು, ಕೌಂಟರಿನಲ್ಲಿ ಕೇಳಬಹುದು, ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಬರೆಯಬಹುದು. ಅದೇ ಜಾಗದಲ್ಲಿ ‘ಇಲ್ಲಿ ಕ್ಲಿಕ್ ಮಾಡಿ’ ಇದ್ದರೆ? ವಿಳಾಸ ಸತ್ತ ದಿನವೇ ಅಲ್ಲೇನಿತ್ತು ಎಂಬ ಗುರುತೂ ಸತ್ತಿತು. ಹೆಣದ ಜೊತೆಗೆ ಹೆಸರನ್ನೂ ಹೂತುಹಾಕುವ ಕೆಲಸ ಇದು.

ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಒಂದು ಬೆಳಗ್ಗೆ ಎಲ್ಲ ಬಸ್ಸುಗಳ ಬೋರ್ಡು ಕಿತ್ತು, ಹಾಸನದ್ದಕ್ಕೂ ಬಳ್ಳಾರಿಯದಕ್ಕೂ ‘ಇದಕ್ಕೆ ಹತ್ತಿ’ ಎಂದು ಬರೆದು ನಿಲ್ಲಿಸಿದರೆ ಜನ ಸುಮ್ಮನಿರುತ್ತಾರೆಯೇ? ನಿಲ್ದಾಣಾಧಿಕಾರಿಯ ಕೊರಳಪಟ್ಟಿ ಉಳಿಯುತ್ತದೆಯೇ? ಆದರೆ ಇದೇ ಕೆಲಸವನ್ನು ಪರದೆಯ ಮೇಲೆ ಮಾಡಿದವರಿಗೆ ‘ಡಿಜಿಟಲ್ ಆಡಳಿತ’ದ ಪ್ರಶಸ್ತಿ, ಶಾಲು, ಹಾರ.

ಕಣ್ಣಿದ್ದವರಾದರೂ ಅಕ್ಕಪಕ್ಕದ ಸಾಲು ಓದಿ, ಊಹಿಸಿ, ಹೇಗೋ ಸಂಭಾಳಿಸುತ್ತಾರೆ. ಕಣ್ಣು ಕಾಣದವರು ಈ ಪುಟವನ್ನು ಹೇಗೆ ಓದುತ್ತಾರೆಂದು ಬರೆದವರು ಒಮ್ಮೆಯಾದರೂ ಕೂತು ನೋಡಿದ್ದಾರೆಯೇ? ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಶುರುಮಾಡಿ, ಗೆಳೆಯ ಜೇಮ್ಸ್ ಟೆಹ್ ಜೊತೆ ಸೇರಿ ಕಟ್ಟಿದ್ದು. ಇಬ್ಬರೂ ದೃಷ್ಟಿ ಇಲ್ಲದವರು. ಉಚಿತ, ಕನ್ನಡವನ್ನೂ ಓದುತ್ತದೆ. ಅದನ್ನು ಬಳಸುವವರು ಪುಟವನ್ನು ಮೇಲಿಂದ ಕೆಳಗೆ ಪೂರ್ತಿ ಕೇಳುತ್ತ ಕೂರುವುದಿಲ್ಲ. ಇನ್ಸರ್ಟ್ ಮತ್ತು ಎಫ್7 ಕೀಲಿ ಒಟ್ಟಿಗೆ ಒತ್ತುತ್ತಾರೆ. ಪುಟದ ಲಿಂಕುಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಬೇಕಾದ ಹೆಸರಿನ ಮೊದಲ ಅಕ್ಷರ ಒತ್ತಿದರೆ ನೇರ ಅದರ ಮೇಲೆ ಹೋಗಿ ನಿಲ್ಲಬಹುದು. ಎಷ್ಟು ಚೊಕ್ಕ ವ್ಯವಸ್ಥೆ! ಈಗ ನಮ್ಮ ಇಲಾಖೆಯೊಂದರ ಸುತ್ತೋಲೆ ಪುಟದಲ್ಲಿ ಅದೇ ಕೀಲಿ ಒತ್ತಿ. ಕಿವಿಗೆ ಬೀಳುವುದು ಇಷ್ಟು: ಇಲ್ಲಿ ಕ್ಲಿಕ್ ಮಾಡಿ. ಇಲ್ಲಿ ಕ್ಲಿಕ್ ಮಾಡಿ. ವೀಕ್ಷಿಸಿ. ವೀಕ್ಷಿಸಿ. ವೀಕ್ಷಿಸಿ. ಡೌನ್‌ಲೋಡ್. ಇನ್ನಷ್ಟು ಓದಿ. ಇಲ್ಲಿ ಕ್ಲಿಕ್ ಮಾಡಿ. ಅವೇ ಮಾತುಗಳು ಮತ್ತೆ ಮತ್ತೆ ಬರುವಾಗ ಯಾವ ಅಕ್ಷರ ಒತ್ತಿ ಎಲ್ಲಿಗೆ ಜಿಗಿಯುವುದು? ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂಬ ಗಾದೆಯನ್ನು ಸರ್ಕಾರ ಯಂತ್ರದ ಬಾಯಲ್ಲಿ ಹಾಡಿಸುತ್ತಿದೆ.

2011ರ ಜನಗಣತಿಯಂತೆ ಈ ದೇಶದಲ್ಲಿ ದೃಷ್ಟಿದೋಷ ಇರುವವರು 50 ಲಕ್ಷ. ಅವರಲ್ಲಿ ಓದಿದವರಿದ್ದಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರಿದ್ದಾರೆ, ಪಾಠ ಮಾಡುವವರಿದ್ದಾರೆ. ಅರ್ಜಿಯ ಕೊನೆಯ ದಿನ ಸಂಜೆ ಐದಕ್ಕೆ ಮುಗಿಯುವಾಗ, ಯಾವ ‘ಇಲ್ಲಿ’ ಒತ್ತಿದರೆ ಪ್ರವೇಶಪತ್ರ, ಯಾವುದು ಶುಲ್ಕದ ಚಲನ್ ಎಂದು ತಿಳಿಯಲು ಅವರು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕು. ಪಾಸ್‌ವರ್ಡನ್ನು ಅವನ ಕಿವಿಗೆ ಹೇಳಬೇಕು. ಸ್ವಂತವಾಗಿ ಮಾಡಬಲ್ಲವರ ಕೈಯಿಂದ ಕೆಲಸ ಕಿತ್ತುಕೊಂಡು, ಆಮೇಲೆ ‘ವಿಕಲಚೇತನ ಸ್ನೇಹಿ’ ಎಂಬ ಗಾಲಿಕುರ್ಚಿಯ ಚಿತ್ರ ಪುಟದ ಮೂಲೆಗೆ ಅಂಟಿಸುವ ನಾಚಿಕೆಗೇಡಿತನಕ್ಕೆ ಏನೆನ್ನಬೇಕು?

ಗೊತ್ತಿರಲಿಲ್ಲ ಎನ್ನುವ ನೆಪವೂ ನಿಮಗಿಲ್ಲ. ಲಿಂಕಿನ ಗುರಿ ಸ್ಪಷ್ಟವಾಗಿರಬೇಕೆಂದು ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂ 1999ರ ತನ್ನ ಮೊದಲ ಮಾರ್ಗಸೂಚಿಯಲ್ಲೇ ಹೇಳಿದೆ. ‘ಕ್ಲಿಕ್ ಹಿಯರ್’ ಎಂದು ಬರೆಯಬೇಡಿ ಎಂದು 2001ರಲ್ಲಿ ಬಿಡಿಸಿ ಹೇಳಿದೆ. 2008ರ ಎರಡನೆಯ ಆವೃತ್ತಿಯಲ್ಲಿ ಲಿಂಕಿನ ಗುರಿ ತಿಳಿಯಬೇಕೆಂಬುದನ್ನು ಅತಿ ಕನಿಷ್ಠ ದರ್ಜೆಯ ಷರತ್ತುಗಳ ಸಾಲಿಗೆ ಸೇರಿಸಿದೆ. ಅಂದರೆ ಇದಿಲ್ಲದೆ ಪಾಸಿಗೇ ಗತಿಯಿಲ್ಲ. ಭಾರತ ಸರ್ಕಾರವೇ ತನ್ನ ಜಾಲತಾಣಗಳಿಗೆ 2009ರಲ್ಲಿ ಮಾರ್ಗಸೂಚಿ ತಂದಿತು, ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂದಿತು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದ್ದು, ಅದರ ನಿಯಮಗಳು 2017ರವು. ಆ ನಿಯಮಗಳು ಮಾನದಂಡಗಳನ್ನು ಬರೀ ಶಿಫಾರಸಿನ ಮಟ್ಟಕ್ಕೆ ಇಳಿಸಿವೆ ಎಂದು 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 15(1)ನೇ ನಿಯಮವನ್ನೇ ತಳ್ಳಿಹಾಕಿ, ಕಡ್ಡಾಯ ಮಾನದಂಡ ತನ್ನಿ ಎಂದಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳನ್ನು ಬಳಸಲಾಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನದೇ ಭಾಗ ಎಂದಿತು. ಮಾರ್ಗಸೂಚಿ, ಕಾಯ್ದೆ, ನಿಯಮ, ತೀರ್ಪು ಎಲ್ಲ ಬಂದು ಹೋದವು. ‘ಇಲ್ಲಿ ಕ್ಲಿಕ್ ಮಾಡಿ’ ಮಾತ್ರ ಕುಳಿತ ಜಾಗದಿಂದ ಕದಲಿಲ್ಲ.

ಕನ್ನಡದ ಪುಟಗಳಲ್ಲಿ ಈ ಪಾಪ ಇಮ್ಮಡಿ. ನಮ್ಮ ಹಳೆಯ ಆದೇಶಗಳಲ್ಲಿ ಎಷ್ಟೋ ಪಾಲು ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಟೈಪಾದವು, ಇಲ್ಲವೇ ಸ್ಕ್ಯಾನ್ ಮಾಡಿದ ಬರೀ ಚಿತ್ರಗಳು. ಚಿತ್ರದೊಳಗಿನ ಅಕ್ಷರವನ್ನು ಪುಟದ ಹುಡುಕುಪೆಟ್ಟಿಗೆ ಕಾಣುವುದಿಲ್ಲ. ಹಳೆ ಫಾಂಟಿನ ಅಕ್ಷರವನ್ನು ಸ್ಕ್ರೀನ್ ರೀಡರ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಒದರುತ್ತದೆ. ಹಾಗಾದರೆ ಆ ಕಡತದ ಬಗ್ಗೆ ಹುಡುಕಲು ಸಿಗುವ ಏಕೈಕ ಜೀವಂತ ಕನ್ನಡ ಯಾವುದು? ಅದರ ಲಿಂಕಿನ ಮೇಲೆ ಬರೆದಿರುವ ನಾಲ್ಕು ಪದ. ಆ ನಾಲ್ಕು ಪದಗಳ ಜಾಗಕ್ಕೂ ‘ವೀಕ್ಷಿಸಿ’ ಎಂದು ಬಳಿದುಬಿಟ್ಟರೆ ಕಡತ ಸರ್ವರಿನಲ್ಲಿ ಇದ್ದೂ ಸತ್ತಂತೆ. ಕನ್ನಡದ ಅನುಷ್ಠಾನದ ಬಗ್ಗೆ ನವೆಂಬರಿನಲ್ಲಿ ಗಂಟಲು ಹರಿದುಕೊಳ್ಳುವವರು ಈ ನಾಲ್ಕು ಪದಗಳ ಕನ್ನಡವನ್ನು ಹನ್ನೊಂದು ತಿಂಗಳು ಕಾಯಬಹುದಿತ್ತು.

ಈ ಅಸಡ್ಡೆ ಎಲ್ಲಿಗೆ ಮುಟ್ಟಿದೆ ಎಂದರೆ, ಪಂಚಾಯಿತಿ ಕಚೇರಿಯ ನೋಟಿಸ್ ಬೋರ್ಡಿಗೆ ಪಿನ್ ಹೊಡೆದ ಕಾಗದದ ಮೇಲೂ ನೀಲಿ ಅಕ್ಷರದಲ್ಲಿ, ಅಡಿಗೆರೆ ಎಳೆದು, ‘ಹೆಚ್ಚಿನ ಮಾಹಿತಿಗೆ ಇಲ್ಲಿ ಕ್ಲಿಕ್ ಮಾಡಿ’ ಎಂದು ಅಚ್ಚಾಗಿರುತ್ತದೆ. ಕಾಗದವನ್ನು ಎಲ್ಲಿ ಒತ್ತುವುದು? ವಾಟ್ಸ್ಆ್ಯಪಿನಲ್ಲಿ ಫೋಟೋ ಆಗಿ ಹರಿದಾಡುವ ಪ್ರಕಟಣೆಗೂ ಅದೇ ಗತಿ. ಪುಟದ ಹೆಸರನ್ನೇ ಲಿಂಕಾಗಿ ಬರೆದಿದ್ದರೆ ಕಾಗದಕ್ಕಿಳಿದ ಮೇಲೂ ಆ ಸಾಲಿಗೆ ಬೆಲೆ ಇರುತ್ತಿತ್ತು. ಓದಿದ ರೈತ ಸೈಬರ್ ಸೆಂಟರಿಗೆ ಹೋಗಿ ‘ಇಂಥದ್ದು ತೆಗೆಯಪ್ಪಾ’ ಎಂದು ಕೇಳುತ್ತಿದ್ದ. ಈಗ ಅವನಿಗೆ ಏನು ಕೇಳಬೇಕೆಂದೇ ಗೊತ್ತಿಲ್ಲ. ಆಪರೇಟರ್ ಏನು ತೆರೆದರೆ ಅದು, ಎಷ್ಟು ಕೇಳಿದರೆ ಅಷ್ಟು.

ಇನ್ನು ವಿಳಾಸಗಳ ಕೊಲೆಯ ವಿಷಯ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹತ್ತು ವರ್ಷ ಗುಮಾಸ್ತರು ಒಂದೊಂದಾಗಿ ಏರಿಸಿದ ಸುತ್ತೋಲೆಗಳು, ಸೂಚನೆಗಳು, ನಮೂನೆಗಳು. ಹೊಸ ಅಧಿಕಾರಿ ಬರುತ್ತಾರೆ, ಜಾಲತಾಣ ‘ಹಳೆಯದಾಗಿ ಕಾಣುತ್ತದೆ’ ಅನ್ನುತ್ತಾರೆ. ಗುತ್ತಿಗೆ, ಹೊಸ ಬಣ್ಣ, ಹೊಸ ಲಾಂಛನ, ಉದ್ಘಾಟನೆ. ಮರುದಿನ ಆ ಹತ್ತು ವರ್ಷದ ವಿಳಾಸಗಳಿಗೆಲ್ಲ 404. ಪತ್ರಿಕೆಗಳು ಉಲ್ಲೇಖಿಸಿದ್ದು, ವಕೀಲರು ಅರ್ಜಿಯಲ್ಲಿ ನಮೂದಿಸಿದ್ದು, ಮೇಷ್ಟರು ಮಕ್ಕಳಿಗೆ ಬರೆಸಿದ್ದು ಎಲ್ಲವೂ ಒಂದೇ ಏಟಿಗೆ ಸುಳ್ಳಾಯಿತು. ಹಳೆಯ ವಿಳಾಸವನ್ನು ಹೊಸದಕ್ಕೆ ತಿರುಗಿಸುವುದು ಬ್ರಹ್ಮವಿದ್ಯೆಯೇನಲ್ಲ. 301 ಎಂಬ ಸಂಕೇತ ಇರುವುದೇ ಅದಕ್ಕೆ: ‘ಶಾಶ್ವತವಾಗಿ ಸ್ಥಳಾಂತರವಾಗಿದೆ, ಹೊಸ ಜಾಗ ಇದು’. ಹಳೆಯದಕ್ಕೆ ಎದುರಾಗಿ ಹೊಸದನ್ನು ಬರೆದ ಒಂದು ಪಟ್ಟಿ ಸಾಕು. ಆ ಪಟ್ಟಿ ಮಾಡುವ ಪುರುಸೊತ್ತು ಯಾರಿಗೂ ಇಲ್ಲ; ಎಲ್ಲ ಹಳೆಯ ವಿಳಾಸವನ್ನೂ ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಳ್ಳುವ ಜಾಣತನ ಮಾತ್ರ ಇದೆ. ಅದು 404ಕ್ಕಿಂತ ಕೆಟ್ಟದ್ದು. ಸತ್ತದ್ದನ್ನು ಸತ್ತಿದೆ ಎಂದು ಹೇಳುವ ಪ್ರಾಮಾಣಿಕತೆಯೂ ಅದಕ್ಕಿಲ್ಲ.

ವೆಬ್ಬನ್ನು ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಈ ಕುರಿತು ಪ್ರಬಂಧ ಬರೆದು, ವಿಳಾಸಗಳು ತಾವಾಗಿ ಬದಲಾಗುವುದಿಲ್ಲ, ಜನ ಬದಲಾಯಿಸುತ್ತಾರೆ ಎಂದು ಎಚ್ಚರಿಸಿದ್ದರು. ಯಾರೂ ಕೇಳಲಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದಲ್ಲಿ ಸಿಗದಂತಾಗಿವೆ. ದೊಡ್ಡವರೂ ಕಡಿಮೆಯಿಲ್ಲ. ಗೂಗಲ್ 2009ರಲ್ಲಿ ವಿಳಾಸ ಮೊಟಕುಗೊಳಿಸುವ ಸೇವೆ ತೆರೆಯಿತು. ಜನ ನಂಬಿ ಪುಸ್ತಕಗಳಲ್ಲಿ, ಪ್ರಬಂಧಗಳಲ್ಲಿ, ಭಿತ್ತಿಪತ್ರಗಳಲ್ಲಿ ಆ ಮೊಟಕು ವಿಳಾಸಗಳನ್ನು ಅಚ್ಚುಹಾಕಿದರು. 2019ರಲ್ಲಿ ಸೇವೆ ನಿಲ್ಲಿಸಿತು. 2025ರ ಆಗಸ್ಟ್ 25ಕ್ಕೆ ಹಳೆಯ ಲಿಂಕುಗಳನ್ನೂ ಕೊಲ್ಲುತ್ತೇವೆ ಎಂದು ಘೋಷಿಸಿತು. ಜನ ಬೊಬ್ಬೆ ಹೊಡೆದ ಮೇಲೆ, ಬಳಕೆಯಲ್ಲಿರುವುದನ್ನು ಉಳಿಸುತ್ತೇವೆ ಎಂದು ಹಿಂದೆ ಸರಿಯಿತು. ಬಳಕೆ ಇಲ್ಲವೆಂದು ಲೆಕ್ಕಕ್ಕೆ ಬಾರದವು ಹೋದವು. ಅಟ್ಟದ ಮೇಲಿನ ಪುಸ್ತಕವನ್ನು ಈ ತಿಂಗಳು ಯಾರೂ ತೆಗೆಯಲಿಲ್ಲ ಎಂದು ಸುಡುವ ನ್ಯಾಯ ಯಾವ ಊರಿನದು? ಆ ಮೊಟಕು ವಿಳಾಸದಲ್ಲೂ ಅದೇ ರೋಗ: ಆರು ಅಕ್ಷರಗಳ ಒಗಟಿನ ಹಿಂದೆ ಏನಿತ್ತೆಂದು ಲಿಂಕು ಸತ್ತ ಮೇಲೆ ದೇವರಿಗೂ ಗೊತ್ತಾಗದು.

ಕೇಂದ್ರ ಸರ್ಕಾರದ ಕಡತವನ್ನು ನಿಯಮ ಮೀರಿ ನಾಶಮಾಡಿದರೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯಡಿ ಐದು ವರ್ಷದವರೆಗೆ ಜೈಲಾಗಬಹುದು. ‘ಮೂಲ ಪ್ರತಿ ಬೀರುವಿನಲ್ಲಿ ಭದ್ರವಾಗಿದೆ, ಹೋದದ್ದು ಲಿಂಕು ಮಾತ್ರ’ ಅನ್ನುತ್ತೀರಾ? ಜನರಿಗೆ ತಲುಪುವ ದಾರಿ ಕಡಿದು, ಕಡತ ಭದ್ರವಾಗಿದೆ ಎನ್ನುವುದರ ಅರ್ಥವೇನು? ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುವುದು, ಜನ ಅರ್ಜಿ ಹಾಕುವ ಅಗತ್ಯ ಆದಷ್ಟೂ ಕಡಿಮೆಯಾಗುವಂತೆ ಮಾಹಿತಿಯನ್ನು ಇಂಟರ್ನೆಟ್ಟೂ ಸೇರಿದಂತೆ ನಾನಾ ಮಾಧ್ಯಮಗಳಲ್ಲಿ ನೀವಾಗಿಯೇ ಕೊಡಬೇಕೆಂದು. 2005ರಿಂದ ಈ ಮಾತು ಕಾನೂನು. ಹುಡುಕಲಾರದಂತೆ ಇಟ್ಟ ಮಾಹಿತಿಯನ್ನು ಕೊಟ್ಟ ಲೆಕ್ಕಕ್ಕೆ ಹಿಡಿಯಬೇಕೆ? ಇಂದು ನಮ್ಮದೇ ಸರ್ಕಾರದ ಹಳೆಯ ಪುಟ ಬೇಕೆಂದರೆ ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವಿನ ಬಾಗಿಲು ತಟ್ಟಬೇಕು. ಬ್ರೂಸ್ಟರ್ ಕೇಲ್ ಎಂಬಾತ 1996ರಲ್ಲಿ ಕಟ್ಟಿದ ಆ ಲಾಭರಹಿತ ಸಂಸ್ಥೆ, ನಾವು ತೆರಿಗೆ ಕೊಟ್ಟು ಬರೆಸಿದ್ದನ್ನು ಕೈಲಾದಷ್ಟು ಕಾಯ್ದಿಟ್ಟಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಎಲ್ಲಿಗೆ ಎಂದು ಕೇಳದೆ ಒತ್ತುವುದನ್ನು ಜನರಿಗೆ ಕಲಿಸಿದವರು ಯಾರು? ‘ನಿಮ್ಮ ವಿದ್ಯುತ್ ಸಂಪರ್ಕ ಇಂದು ರಾತ್ರಿ ಕಡಿತವಾಗಲಿದೆ, ಇಲ್ಲಿ ಕ್ಲಿಕ್ ಮಾಡಿ’ ಎಂದು ಕಳ್ಳ ಬರೆಯುತ್ತಾನೆ. ‘ನಿಮ್ಮ ವಾಹನದ ಮೇಲೆ ದಂಡವಿದೆ, ಇಲ್ಲಿ ಕ್ಲಿಕ್ ಮಾಡಿ’ ಎಂದು ಬರೆಯುತ್ತಾನೆ. ಅವನ ಭಾಷೆಗೂ ಕಚೇರಿಯ ಭಾಷೆಗೂ ಒಂದಕ್ಷರದ ವ್ಯತ್ಯಾಸವಿಲ್ಲ. ವರ್ಷಗಟ್ಟಲೆ ಕಚೇರಿಗಳು ಕಲಿಸಿದ ಪಾಠವನ್ನು ಕಳ್ಳ ಬಂಡವಾಳ ಮಾಡಿಕೊಂಡ. ನೋಂದಾಯಿಸದ ಲಿಂಕುಗಳಿರುವ ಎಸ್ಸೆಮ್ಮೆಸ್ಸುಗಳನ್ನು 2024ರ ಅಕ್ಟೋಬರ್ 1ರಿಂದ ತಡೆಯಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಆದೇಶಿಸಿತು. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ತಮಗೇ ಮೀಸಲಾದ ‘ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತಾದರೂ, ಹಾಕಿದ್ದು ಒಳ್ಳೆಯದೇ. ಆದರೆ ಬ್ಯಾಂಕು, ಇಲಾಖೆ, ಮಂಡಳಿಗಳು ತಾವು ಕಳಿಸುವ ಪ್ರತಿ ಸೂಚನೆಯಲ್ಲೂ ಲಿಂಕು ಎಲ್ಲಿಗೆ ಒಯ್ಯುತ್ತದೆಂದು ಬಾಯಿಬಿಟ್ಟು ಹೇಳುವ ರೂಢಿ ಇಟ್ಟುಕೊಂಡಿದ್ದರೆ, ಹೇಳದ ಲಿಂಕನ್ನು ಕಂಡೊಡನೆ ಅಜ್ಜಿಯೂ ಅನುಮಾನಿಸುತ್ತಿದ್ದಳು.

ಸಬೂಬುಗಳ ಪಟ್ಟಿ ನನಗೂ ಗೊತ್ತು. ‘ಜಾಗ ಸಾಲದು’ ಅನ್ನುತ್ತಾರೆ. ಗಣ್ಯರ ಫೋಟೋಗೆ ಅರ್ಧ ಪರದೆ ಸಿಗುತ್ತದೆ, ಮಿಣುಕುವ ‘ಹೊಸದು’ ಚಿಹ್ನೆಗೆ ಜಾಗ ಸಿಗುತ್ತದೆ, ನಾಲ್ಕು ಪದಕ್ಕೆ ಮಾತ್ರ ಸಿಗುವುದಿಲ್ಲ! ‘ಜನಕ್ಕೆ ಇದೇ ಅಭ್ಯಾಸ’ ಅನ್ನುತ್ತಾರೆ. ಹೊಂಡದ ರಸ್ತೆಯೂ ಅಭ್ಯಾಸವಾಗಿದೆ, ಹಾಗೆಂದು ಹೊಂಡ ತೋಡುವುದು ಎಂಜಿನಿಯರಿಂಗ್ ಆಗುತ್ತದೆಯೇ? ‘ಹಳೆಯ ಸುತ್ತೋಲೆ ಯಾರಿಗೆ ಬೇಕು’ ಅನ್ನುತ್ತಾರೆ. ಹತ್ತು ವರ್ಷದ ಹಿಂದಿನ ಆದೇಶದ ಮೇಲೆ ಇಂದು ಪಿಂಚಣಿ ನಿಂತ ವಿಧವೆಗೆ ಬೇಕು. ಬಡ್ತಿ ತಪ್ಪಿದ ಶಿಕ್ಷಕನಿಗೆ ಬೇಕು. ಬೇಕೋ ಬೇಡವೋ ಎಂದು ತೀರ್ಮಾನಿಸಲು ಜಾಲತಾಣದ ಗುತ್ತಿಗೆದಾರ ಯಾರು?

ಸರಿಯಾಗಿ ಬರೆಯುವುದು ಕಷ್ಟವೇ ಅಲ್ಲ. ‘ಅರ್ಜಿ ನಮೂನೆಗಾಗಿ ಇಲ್ಲಿ ಕ್ಲಿಕ್ ಮಾಡಿ’ ಎಂಬುದರ ಬದಲು ‘ವಿಧವಾ ವೇತನ ಅರ್ಜಿ ನಮೂನೆ (ಪಿಡಿಎಫ್, ಕನ್ನಡ)’ ಎಂದು ಬರೆದು, ಆ ಹೆಸರನ್ನೇ ಲಿಂಕು ಮಾಡಿ. ಗುರುತಿನ ಪದ ಮೊದಲು ಬರಲಿ. ‘ಕರ್ನಾಟಕ ಸರ್ಕಾರದ’ ಎಂದು ಇಪ್ಪತ್ತು ಲಿಂಕುಗಳನ್ನು ಶುರುಮಾಡಿದರೆ ಪಟ್ಟಿ ಕೇಳುವವರಿಗೆ ಮತ್ತೆ ಅದೇ ಗೋಳು. ಒಂದು ಪುಟದಲ್ಲಿ ಒಂದೇ ಮಾತಿನ ಎರಡು ಲಿಂಕುಗಳು ಎರಡು ಕಡೆ ಹೋಗಬಾರದು. ಒತ್ತಿದರೆ ಪುಟ ತೆರೆಯುತ್ತದೋ, ಕಡತ ಇಳಿಯುತ್ತದೋ, ಹಣ ಪಾವತಿಗೆ ಹೋಗುತ್ತದೋ ಅದನ್ನು ಮೊದಲೇ ಹೇಳಿ. ಕಡತ ದೊಡ್ಡದಿದ್ದರೆ ಎಷ್ಟು ಎಂಬಿ ಎಂದೂ ಹೇಳಿ, ಹಳ್ಳಿಯ ಸಿಗ್ನಲ್ಲಿನ ಮೇಲೆ ಕರುಣೆ ಇಟ್ಟು. ಆದೇಶವಾದರೆ ಸಂಖ್ಯೆ, ದಿನಾಂಕ ಸೇರಲಿ. ಲಿಂಕಿನ ಮಾತೂ ತೆರೆದ ಪುಟದ ತಲೆಬರಹವೂ ಹೊಂದಲಿ. ಇದಿಷ್ಟೂ ಕನ್ನಡದಲ್ಲಿ ಒಂದು ಪತ್ರ ಬರೆಯಬಲ್ಲ ಯಾವ ದ್ವಿತೀಯ ದರ್ಜೆ ಸಹಾಯಕರಿಗೂ ಒಂದು ಮಧ್ಯಾಹ್ನದಲ್ಲಿ ಬರುವ ವಿದ್ಯೆ. ಬಾರದಿರುವುದು ಓದುವವರ ಮೇಲಿನ ಗೌರವ.

ಗೌರವ ತಾನಾಗಿ ಬರದಿದ್ದರೆ ಬರಿಸಬೇಕು. ಜಾಲತಾಣ ನವೀಕರಣದ ಮುಂದಿನ ಟೆಂಡರಿನಲ್ಲಿ ಮೂರು ಷರತ್ತು ಇರಲೇಬೇಕು. ಒಂದು, ಹಳೆಯ ಪ್ರತಿ ವಿಳಾಸಕ್ಕೂ ಹೊಸ ವಿಳಾಸದ ಪಟ್ಟಿ. ತೆಗೆದುಹಾಕಿದ್ದಾದರೆ ಏನನ್ನು, ಯಾಕೆ, ಯಾರ ಆದೇಶದಿಂದ ಎಂಬ ಒಂದು ಸಾಲು ಅದೇ ವಿಳಾಸದಲ್ಲಿ. ಎರಡು, ಹೆಸರಿಲ್ಲದ ಒಂದು ಲಿಂಕೂ ಇರಕೂಡದು. ಮೂರು, ಸ್ಕ್ರೀನ್ ರೀಡರ್ ಬಳಸುವ ದೃಷ್ಟಿಹೀನರಿಂದ, ಸಂಭಾವನೆ ಕೊಟ್ಟು, ಪರೀಕ್ಷೆ. ಅವರು ‘ನಾನೊಬ್ಬನೇ ಅರ್ಜಿ ಮುಗಿಸಿದೆ’ ಎಂದು ಸಹಿ ಹಾಕುವವರೆಗೆ ಗುತ್ತಿಗೆದಾರನ ಕೊನೆಯ ಕಂತು ಬಿಡುಗಡೆ ಆಗಬಾರದು. ವಿಕಲಚೇತನರ ಹಕ್ಕುಗಳ ಕಾಯ್ದೆಯ 89ನೇ ಸೆಕ್ಷನ್ ಉಲ್ಲಂಘನೆಗೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ ವಿಧಿಸುತ್ತದೆ. ಅದು ಪುಸ್ತಕದಲ್ಲಿ ಧೂಳು ತಿನ್ನುತ್ತಿದೆ, ತೆಗೆದು ಬಳಸೋಣ.

ನಾವೂ ಸುಮ್ಮನೆ ಕೂರುವುದು ಸಾಕು. ಸತ್ತ ಲಿಂಕು ಕಂಡಾಗ ಹಲ್ಲು ಕಡಿದು ಕಿಟಕಿ ಮುಚ್ಚುವ ಬದಲು ಪರದೆಯ ಚಿತ್ರ ತೆಗೆಯಿರಿ, ದಿನಾಂಕ ಹಾಕಿ, ಆ ಕಚೇರಿಯ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ ಕೇಳಿ: ಈ ‘ಇಲ್ಲಿ’ಯಲ್ಲಿ ಏನಿತ್ತು? ಯಾವ ದಿನ ತೆಗೆದಿರಿ? ಯಾರ ಸಹಿಯಿಂದ ತೆಗೆದಿರಿ? ಅವರು 30 ದಿನದೊಳಗೆ ಉತ್ತರಿಸಲೇಬೇಕು. ಕಚೇರಿಗೊಂದರಂತೆ, ತಾಲ್ಲೂಕಿಗೆ ನೂರರಂತೆ ಇಂಥ ಅರ್ಜಿಗಳು ಬಂದು ಮೇಜಿನ ಮೇಲೆ ಬೀಳಲಿ. ನಾಲ್ಕು ಪದ ಬರೆಯಲು ಬೇಸರಪಟ್ಟವರು ಆಗ ಪ್ರತಿ ಅರ್ಜಿಗೂ ಒಂದು ಪುಟ ಬರೆದು ಉತ್ತರಿಸಲಿ.